ಹಾಡುವ ನಾಟಕಕ್ಕೆ ಪ್ರಶಸ್ತಿ: ಅಚ್ಚರಿಯ ಗೆಲುವುಗಳು, ತಪ್ಪಿಹೋದ ಹೆಸರುಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಸೀಮೆಯಲ್ಲಿ ಹಾಡಿಲ್ಲದ ನಾಟಕವನ್ನು ಪ್ರೇಕ್ಷಕರು ನಾಟಕವೆಂದು ಒಪ್ಪಿಕೊಂಡದ್ದು ಈಚಿನ ಮಾತು. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ, ಜಾತ್ರೆಯಲ್ಲಿ ಊರವರೇ ಬಣ್ಣ ಹಚ್ಚಿ ಆಡುವ ಪೌರಾಣಿಕ ನಾಟಕ - ಇವೆಲ್ಲಕ್ಕೂ ಹಾಡೇ ಆಧಾರ. ಕರ್ನಾಟಕದ ಇತರ ಭಾಗಗಳ ಯಕ್ಷಗಾನ, ಶ್ರೀಕೃಷ್ಣ ಪಾರಿಜಾತಗಳ ಮಾತೂ ಇದೇ.

ಆದರೆ ಪ್ರಶಸ್ತಿಗಳ ಲೋಕದಲ್ಲಿ ಈ ಒಂದೇ ಕಲೆ ಹಲವು ಖಾನೆಗಳಲ್ಲಿ ಹಂಚಿಹೋಗಿದೆ. ಸಂಗೀತಕ್ಕೊಂದು ಪಟ್ಟಿ, ನಾಟಕಕ್ಕೊಂದು, ಜಾನಪದಕ್ಕೊಂದು, ಸಾಹಿತ್ಯಕ್ಕೆ ಮತ್ತೊಂದು. ನಾಲ್ಕಕ್ಕೂ ಸೇರಿದ ಹಾಡುವ ನಾಟಕ ಹಲವು ಸಲ ನಾಲ್ಕರಿಂದಲೂ ಹೊರಗುಳಿದಿದೆ. ಕೆಲವು ಸಲ ಯಾರೂ ನಿರೀಕ್ಷಿಸದ ಬಾಗಿಲಿನಿಂದ ಒಳಬಂದಿದೆ. ಕಳೆದ ಏಳು ದಶಕಗಳ ಪ್ರಶಸ್ತಿ ಪಟ್ಟಿಗಳನ್ನು ಅವಲೋಕಿಸಿದಾಗ ಈ ಎರಡೂ ಬಗೆಯ ನಿದರ್ಶನಗಳು ಕಾಣುತ್ತವೆ.

ಖಾನೆಗಳು ರೂಪುಗೊಂಡ ಬಗೆ

ಭಾರತದಲ್ಲಿ ಸಂಗೀತ, ನೃತ್ಯ ಹಾಗೂ ನಾಟಕಗಳಿಗಾಗಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯನ್ನು ಸ್ಥಾಪಿಸುವ ನಿರ್ಣಯ 1952ರಲ್ಲಿ ಆಯಿತು. ಅಕಾಡೆಮಿಯ ಉದ್ಘಾಟನೆ 1953ರ ಜನವರಿಯಲ್ಲಿ ನೆರವೇರಿತು. ಸಂಸ್ಥೆಯ ಹೆಸರಿನಲ್ಲಿಯೇ ಸಂಗೀತವೂ ನಾಟಕವೂ ಜೊತೆಯಾಗಿ ನಿಂತಿವೆ. ಆದರೆ ಪ್ರಶಸ್ತಿ ನೀಡುವಾಗ ಅವು ಬೇರೆಯಾಗುತ್ತವೆ. ನಾಟಕ ವಿಭಾಗದಲ್ಲಿ ನಾಟಕ ರಚನೆ, ನಿರ್ದೇಶನ, ಅಭಿನಯಗಳಿಗೆ ಪ್ರಧಾನ ಸ್ಥಾನವಿದೆ. ರಂಗಸಂಗೀತ ಸಾಮಾನ್ಯವಾಗಿ ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳ ಸಾಲಿನಲ್ಲಿ, ಪೂರಕ ಕಲೆಗಳಲ್ಲೊಂದಾಗಿ ಪರಿಗಣಿತವಾಗುತ್ತದೆ. ಯಕ್ಷಗಾನದಂತಹ ಪರಂಪರೆಗಳಿಗೆ ಪ್ರತ್ಯೇಕ ಸ್ಥಾನ. ಜನಪದ ಕಲೆಗಳಿಗೆ ಇನ್ನೊಂದು ಸ್ಥಾನ.

ಈ ವಿಂಗಡಣೆ ದುರುದ್ದೇಶದಿಂದ ಆದುದಲ್ಲ. ಆಡಳಿತಕ್ಕೆ ಪಟ್ಟಿ ಬೇಕು; ಪಟ್ಟಿಗೆ ಶೀರ್ಷಿಕೆ ಬೇಕು. ಆದರೆ ಹಾರ್ಮೋನಿಯಂ ಮುಂದೆ ಕುಳಿತು ಹಾಡಿಗೆ ಧಾಟಿ ಕೂಡಿಸುವ, ನಟರಿಗೆ ಮಾತು ಕಲಿಸುವ, ಆಟ ನಡೆಯುವಾಗ ತಪ್ಪಿದ ಸಾಲನ್ನು ಎತ್ತಿಕೊಡುವ ನಾಟಕದ ಮಾಸ್ತರ ಯಾವ ಶೀರ್ಷಿಕೆಗೆ ಸೇರುತ್ತಾನೆ? ಅವನು ಸಂಗೀತಗಾರನೂ ಹೌದು, ನಿರ್ದೇಶಕನೂ ಹೌದು, ಶಿಕ್ಷಕನೂ ಹೌದು. ಮೂರೂ ಆದವನು ಮೂರು ಪಟ್ಟಿಗಳಲ್ಲಿ ಯಾವುದರಲ್ಲಿಯೂ ಪೂರ್ಣವಾಗಿ ಕಾಣಿಸಿಕೊಳ್ಳುವುದಿಲ್ಲ.

ಸಾಹಿತ್ಯದ ಬಾಗಿಲಿನಿಂದ ಬಂದ ಗೆಲುವು

ಕನ್ನಡದ ಹಾಡುವ ರಂಗಭೂಮಿಗೆ ದೊರೆತ ಆರಂಭದ ದೊಡ್ಡ ಗೌರವಗಳಲ್ಲಿ ಎರಡು ಬಂದದ್ದು ಸಾಹಿತ್ಯ ಅಕಾಡೆಮಿಯಿಂದ ಎಂಬುದು ಗಮನಾರ್ಹ.

1959ರಲ್ಲಿ ಶಿವರಾಮ ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಹೊತ್ತಿಗೆ 'ಚೋಮನ ದುಡಿ', 'ಮರಳಿ ಮಣ್ಣಿಗೆ' ಕಾದಂಬರಿಗಳು ಕನ್ನಡಿಗರ ಮನೆಮಾತಾಗಿದ್ದವು. ಆದರೆ ಪ್ರಶಸ್ತಿಗೆ ಪಾತ್ರವಾದ ಕೃತಿ ಕಾದಂಬರಿಯಲ್ಲ. 'ಯಕ್ಷಗಾನ ಬಯಲಾಟ' ಎಂಬ ಅಧ್ಯಯನ ಗ್ರಂಥ. ಬಯಲಿನಲ್ಲಿ ರಾತ್ರಿಯಿಡೀ ಹಾಡಿ ಕುಣಿಯುವ ಕಲೆಯ ಕುರಿತ ಶೋಧ, ಕಾದಂಬರಿಕಾರನ ಕಾದಂಬರಿಗಳನ್ನು ಹಿಂದಿಕ್ಕಿ ರಾಷ್ಟ್ರದ ಸಾಹಿತ್ಯ ಗೌರವ ಪಡೆಯಿತು.

ಏಳು ವರ್ಷಗಳ ತರುವಾಯ, 1966ರಲ್ಲಿ, ಪು.ತಿ. ನರಸಿಂಹಾಚಾರ್ಯರ 'ಹಂಸದಮಯಂತಿ ಮತ್ತು ಇತರ ರೂಪಕಗಳು' ಅದೇ ಪ್ರಶಸ್ತಿಯನ್ನು ಪಡೆಯಿತು. ಇದು ಗೀತನಾಟಕಗಳ ಸಂಕಲನ. ಓದುವ ಕಾವ್ಯವಾಗಿ ಪುರಸ್ಕೃತವಾದ ಈ ಗೀತರೂಪಕಗಳ ಪರಂಪರೆಗೆ ರಂಗದ ಮೇಲೆ ದೊಡ್ಡ ಬದುಕು ದೊರೆತದ್ದು ಬಹಳ ತಡವಾಗಿ, ಪು.ತಿ.ನ. ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ನೀನಾಸಮ್ ಮೂಲಕ ರಂಗಕ್ಕೆ ತಂದಾಗ. ಪ್ರಶಸ್ತಿ ಮೊದಲು, ಪ್ರೇಕ್ಷಕರು ಆಮೇಲೆ ಎಂಬ ಅಪರೂಪದ ಸಂದರ್ಭ ಇದು.

ಡಾ. ಚಂದ್ರಶೇಖರ ಕಂಬಾರರ ಹಾದಿಯೂ ಇಂತಹುದೇ. ಉತ್ತರ ಕರ್ನಾಟಕದ ಬಯಲಾಟದ ಜಾಯಮಾನದಲ್ಲಿ ರಚಿತವಾದ 'ಜೋಕುಮಾರಸ್ವಾಮಿ' 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ಪ್ರದರ್ಶನಗೊಂಡು ಸಂಚಲನ ಉಂಟುಮಾಡಿತು. ಅದಕ್ಕೆ 1975ರಲ್ಲಿ ಭಾರತೀಯ ನಾಟ್ಯ ಸಂಘದ ಕಮಲಾದೇವಿ ಪ್ರಶಸ್ತಿ ದೊರೆಯಿತು. ಹಾಡು, ಭಾಗವತ, ಮುಖವಾಡಗಳನ್ನು ಬಳಸಿದ ಗಿರೀಶ ಕಾರ್ನಾಡರ 'ಹಯವದನ'ಕ್ಕೆ 1972ರಲ್ಲಿ ಇದೇ ಗೌರವ ಸಂದಿತ್ತು. ಕಂಬಾರರ 'ಸಿರಿಸಂಪಿಗೆ' 1991ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಗಳಿಸಿತು. 2010ನೇ ಸಾಲಿನ ಜ್ಞಾನಪೀಠವೂ ಅವರಿಗೆ ಒಲಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಬಯಲಾಟದ ಕಸುವಿನಿಂದ ಬರೆದ ನಾಟಕಕ್ಕೆ ಮನ್ನಣೆ ದೊರೆತಷ್ಟು ಬೇಗ, ಬಯಲಾಟವನ್ನೇ ಆಡುತ್ತ ಬಂದವರಿಗೆ ದೊರೆಯಲಿಲ್ಲ. ಇದು ನಾಟಕಕಾರರ ತಪ್ಪಲ್ಲ. ಅವರು ಆ ಕಲೆಯನ್ನು ಊರ ಗಡಿ ದಾಟಿಸಿದವರು. ಮುದ್ರಿತ ಪುಸ್ತಕ ತೀರ್ಪುಗಾರರ ಮೇಜಿಗೆ ತಲುಪುತ್ತದೆ, ಕಟ್ಟೆಯ ಮೇಲಿನ ಆಟ ತಲುಪುವುದಿಲ್ಲ ಎಂಬುದಷ್ಟೇ ಇದರ ಕಾರಣ.

ಸಂಗೀತಕ್ಕೆ ಚಲನಚಿತ್ರದ ಮುದ್ರೆ

ಬಿ.ವಿ. ಕಾರಂತರ ಉದಾಹರಣೆ ಇನ್ನೂ ಸೋಜಿಗದ್ದು. ಬಾಲಕನಾಗಿ ಗುಬ್ಬಿ ಕಂಪನಿ ಸೇರಿ ರಂಗದ ಹಾಡನ್ನು ಮೈಗೂಡಿಸಿಕೊಂಡ ಕಾರಂತರು ಆಧುನಿಕ ಭಾರತೀಯ ರಂಗಸಂಗೀತಕ್ಕೆ ಹೊಸ ದಿಕ್ಕು ತೋರಿದವರು. 1976ರಲ್ಲಿ ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಂದಿತು. ಆದರೆ ಅದು ನಿರ್ದೇಶನಕ್ಕೆ.

ಅವರ ಸಂಗೀತಕ್ಕೆ ರಾಷ್ಟ್ರಮಟ್ಟದ ಮುದ್ರೆ ಬಿದ್ದದ್ದು ಚಲನಚಿತ್ರದಿಂದ. 1976ನೇ ಸಾಲಿನಲ್ಲಿ 'ಋಷ್ಯಶೃಂಗ', 1977ನೇ ಸಾಲಿನಲ್ಲಿ 'ಘಟಶ್ರಾದ್ಧ' ಚಿತ್ರಗಳಿಗಾಗಿ ಅವರು ಎರಡು ವರ್ಷ ಸತತವಾಗಿ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. 'ಋಷ್ಯಶೃಂಗ' ಮೂಲತಃ ಕಂಬಾರರ ನಾಟಕವೆಂಬುದು ಇಲ್ಲಿ ಉಲ್ಲೇಖನೀಯ. ರಂಗದಲ್ಲಿ ಹುಟ್ಟಿದ ಸಂಗೀತಪ್ರತಿಭೆಯನ್ನು ಸಂಗೀತವೆಂದು ಗುರುತಿಸಲು ಬೆಳ್ಳಿತೆರೆ ಬೇಕಾಯಿತು. ಕಂಬಾರರೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ 1978ನೇ ಸಾಲಿನ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂದುದನ್ನೂ ಇದೇ ಸಾಲಿನಲ್ಲಿ ನೆನೆಯಬಹುದು.

ಇದಕ್ಕೆ ಪೂರಕವಾದ ಮತ್ತೊಂದು ಸಂಗತಿಯೂ ಇದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ನಟರಾಗಿದ್ದರು. ಅವರಿಗೆ 1992ರಲ್ಲಿ ಪದ್ಮವಿಭೂಷಣ ಸಂದದ್ದು ಹಿಂದುಸ್ತಾನಿ ಗಾಯನಕ್ಕೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು, ಆಶ್ರಮದ ನಾಟ್ಯಸಂಘವನ್ನು ಊರೂರಿಗೆ ಕಳಿಸಿ, ಅದರ ಆದಾಯದಿಂದ ಅಂಧ ಮಕ್ಕಳ ಅನ್ನ, ಶಿಕ್ಷಣಗಳಿಗೆ ಆಸರೆಯಾದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ಎಲ್ಲೆಡೆ ಸ್ಮರಣೆಗೆ ಬಂದದ್ದು ಅವರ ಸಂಗೀತ. ನಾಟ್ಯಸಂಘದ ಪ್ರಸ್ತಾಪ ಬಂದದ್ದು ಆಮೇಲೆ.

ತಡವಾಗಿ ಬಂದ ಗೌರವಗಳು

'ನಾಟಕರತ್ನ' ಗುಬ್ಬಿ ವೀರಣ್ಣ ಅವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ನಲವತ್ತು ವರ್ಷಗಳ ನಂತರ ಅದೇ ಕಥೆ ಮರುಕಳಿಸಿತು. ಗುಬ್ಬಿ ಕಂಪನಿಯಲ್ಲಿ ಬೆಳೆದು, 1958ರಲ್ಲಿ ಸ್ತ್ರೀಯರೇ ಎಲ್ಲ ಪಾತ್ರಗಳನ್ನು ವಹಿಸುವ 'ಸ್ತ್ರೀ ನಾಟಕ ಮಂಡಳಿ'ಯನ್ನು ಕಟ್ಟಿ, ಕಂಸ, ದುರ್ಯೋಧನರಾಗಿ ಗರ್ಜಿಸಿದ ಆರ್. ನಾಗರತ್ನಮ್ಮ ಅವರಿಗೆ ಪದ್ಮಶ್ರೀ ದೊರೆತದ್ದು 2012ರಲ್ಲಿ. ಅವರೂ ಅದೇ ವರ್ಷದ ಅಕ್ಟೋಬರ್‌ನಲ್ಲಿಯೇ ಕಣ್ಮುಚ್ಚಿದರು. ವೀರಣ್ಣನವರ ಮೊಮ್ಮಗಳು, ರಂಗಗೀತೆಗಳ ಗಾಯಕಿ ಬಿ. ಜಯಶ್ರೀ ಅವರಿಗೆ ಪದ್ಮಶ್ರೀ ಬಂದದ್ದು ಮರುವರ್ಷ, 2013ರಲ್ಲಿ.

ಯಕ್ಷಗಾನಕ್ಕೆ ಮೊದಲ ರಾಷ್ಟ್ರೀಯ ಮನ್ನಣೆ ಕೆರೆಮನೆ ಶಿವರಾಮ ಹೆಗಡೆ ಅವರ ಮೂಲಕ 1970ರ ದಶಕದ ಹೊಸ್ತಿಲಲ್ಲಿ ಬಂತು. ಆದರೆ ಯಕ್ಷಗಾನ ಕಲಾವಿದರೊಬ್ಬರಿಗೆ ಮೊದಲ ಪದ್ಮಶ್ರೀ ಬರಲು 2012ರ ತನಕ ಕಾಯಬೇಕಾಯಿತು; ಅದು ಚಿಟ್ಟಾಣಿ ರಾಮಚಂದ್ರ ಹೆಗಡೆ ಅವರಿಗೆ ಸಂದಿತು. ಎರಡೂ ಸಲ ಗೌರವ ಸಂದದ್ದು ಮುಮ್ಮೇಳದ ವೇಷಧಾರಿಗಳಿಗೆ. ಆಟವನ್ನು ಆರಂಭದಿಂದ ಮಂಗಳದವರೆಗೆ ನಡೆಸುವವನು ಭಾಗವತ ಎಂಬುದನ್ನು ಯಕ್ಷಗಾನ ಬಲ್ಲವರೆಲ್ಲ ಒಪ್ಪುತ್ತಾರೆ. ಆದರೂ ಗೌರವದ ಕಣ್ಣು ಮೊದಲು ಬೀಳುವುದು ಕಿರೀಟ ಧರಿಸಿದವನ ಮೇಲೆ.

ಕಲ್ಯಾಣ ಕರ್ನಾಟಕದ ಮಟ್ಟಿಗೆ ನಿಜವಾದ ಅಚ್ಚರಿ ಈಚಿನ ವರ್ಷಗಳದ್ದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ಜೋಗತಿ ನೃತ್ಯ ಹಾಗೂ ಎಲ್ಲಮ್ಮನ ಆಟದ ಮೂಲಕ ಬದುಕು ಕಟ್ಟಿಕೊಂಡ ಅವರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯೂ ಹೌದು. 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲು ಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಈ ಎರಡೂ ಗೌರವಗಳು ನಾಟಕ ವಿಭಾಗದ ಹೆದ್ದಾರಿಯಿಂದ ಬಂದವಲ್ಲ. ಜನಪದದ ಕಾಲುದಾರಿಯಿಂದ ಬಂದವು.

ಹೊರಜಗತ್ತಿನ ಅನುಭವ

ಈ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ 1932ರಲ್ಲಿ 'ಆಫ್ ದಿ ಐ ಸಿಂಗ್' ಪುಲಿಟ್ಜರ್ ನಾಟಕ ಪ್ರಶಸ್ತಿ ಗೆದ್ದ ಮೊದಲ ಸಂಗೀತನಾಟಕವಾಯಿತು. ನಾಟಕ ಬರೆದ ಇಬ್ಬರಿಗೂ ಹಾಡು ಬರೆದ ಐರಾ ಗರ್ಶ್ವಿನ್‌ಗೂ ಪ್ರಶಸ್ತಿ ಸಂದಿತು. ಸಂಗೀತ ಸಂಯೋಜಿಸಿದ ಐರಾನ ಸೋದರ ಜಾರ್ಜ್ ಗರ್ಶ್ವಿನ್‌ನ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ಅದು ಸಾಹಿತ್ಯದ ಪ್ರಶಸ್ತಿ, ಸಂಗೀತ ಅದರ ವ್ಯಾಪ್ತಿಗೆ ಬಾರದು ಎಂಬುದು ಅಂದಿನ ನಿಲುವು. ಆತನ ಜನ್ಮಶತಮಾನೋತ್ಸವದ ವರ್ಷವಾದ 1998ರಲ್ಲಿ ಮರಣೋತ್ತರವಾಗಿ ವಿಶೇಷ ಪುಲಿಟ್ಜರ್ ಗೌರವ ನೀಡಲಾಯಿತು.

ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿಗಳ ಇತಿಹಾಸವೂ ಇಂತಹ ಪ್ರಸಂಗಗಳಿಂದ ತುಂಬಿದೆ. 1958ರಲ್ಲಿ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಹಿಂದಿಕ್ಕಿ 'ದಿ ಮ್ಯೂಸಿಕ್ ಮ್ಯಾನ್' ಗೆದ್ದಿತು. 1976ರಲ್ಲಿ 'ಷಿಕಾಗೊ' 11 ನಾಮನಿರ್ದೇಶನ ಪಡೆದೂ ಬರಿಗೈಯಲ್ಲಿ ಮರಳಿತು. ಆ ವರ್ಷ 'ಎ ಕೋರಸ್ ಲೈನ್' 9 ಪ್ರಶಸ್ತಿ ಬಾಚಿಕೊಂಡಿತ್ತು. ಮರುಪ್ರದರ್ಶನವಾಗಿ 1996ರಲ್ಲಿ ಮತ್ತೆ ರಂಗವೇರಿದ 'ಷಿಕಾಗೊ' ದಶಕಗಳ ಕಾಲ ಓಡಿ ಪ್ರೇಕ್ಷಕರಿಂದಲೇ ಉತ್ತರ ಪಡೆಯಿತು. 1996ರಲ್ಲಿಯೇ ನಟಿ ಜೂಲಿ ಆಂಡ್ರೂಸ್, ತಮ್ಮ ನಾಟಕದ ಉಳಿದ ಕಲಾವಿದರನ್ನು ಕಡೆಗಣಿಸಲಾಗಿದೆ ಎಂದು ತಮಗೆ ದೊರೆತ ಏಕೈಕ ನಾಮನಿರ್ದೇಶನವನ್ನು ನಿರಾಕರಿಸಿದರು. 2004ರಲ್ಲಿ ಗೊಂಬೆಗಳ ನಾಟಕ 'ಅವೆನ್ಯೂ ಕ್ಯೂ', ಭಾರಿ ವೆಚ್ಚದ 'ವಿಕೆಡ್' ಅನ್ನು ಸೋಲಿಸಿತು.

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಮುಖ್ಯ. ಟೋನಿ ಪ್ರಶಸ್ತಿಯಲ್ಲಿ ಸಂಗೀತನಾಟಕಕ್ಕೆ, ಅದರ ಸಂಗೀತ ರಚನೆಗೆ, ವಾದ್ಯ ಸಂಯೋಜನೆಗೆ ಪ್ರತ್ಯೇಕ ವಿಭಾಗಗಳಿವೆ. ಸೋತವರ ಹೆಸರೂ ನಾಮನಿರ್ದೇಶನದ ದಾಖಲೆಯಲ್ಲಿ ಉಳಿಯುತ್ತದೆ. ಇಲ್ಲಿ ಪರಿಗಣನೆಗೆ ಬಂದೂ ಆಯ್ಕೆಯಾಗದವರ ಹೆಸರು ಸಾಮಾನ್ಯವಾಗಿ ಪ್ರಕಟವಾಗುವುದಿಲ್ಲ. ಕಡೆಗಣನೆಗೂ ಒಂದು ದಾಖಲೆ ಬೇಕು. ಇಲ್ಲಿ ಅದೂ ಇಲ್ಲ.

ಐದು ಊರುಗಳ ಸೀಮೆಯಲ್ಲಿ

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸ್ಥಳ. ಚಿತ್ತಾಪುರ ತಾಲ್ಲೂಕಿನ ವಾಡಿ ರೈಲ್ವೆ ಜಂಕ್ಷನ್ ಹಾಗೂ ಸಿಮೆಂಟ್‌ಗೆ ಹೆಸರಾದ ಪಟ್ಟಣ. ಶಹಾಬಾದ್ ಹಾಸುಗಲ್ಲಿನ ಊರು; ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಚಿಂಚೋಳಿ ತೆಲಂಗಾಣದ ಗಡಿಗೆ ಹೊಂದಿಕೊಂಡ ಅರಣ್ಯ ಸೀಮೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗವೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು.

ಈ ಇತಿಹಾಸ ರಂಗಭೂಮಿಯ ಮೇಲೂ ಪರಿಣಾಮ ಬೀರಿದೆ. ಹಳೆಯ ಮೈಸೂರಿನಲ್ಲಿ ಅರಮನೆಯ ಆಶ್ರಯದಿಂದ ನಾಟಕ ಸಭೆಗಳು ಬೆಳೆದವು. ಧಾರವಾಡ, ಬೆಳಗಾವಿ, ಗದಗ ಭಾಗದಲ್ಲಿ ಮರಾಠಿ ಸಂಗೀತ ನಾಟಕದೊಡನೆ ಸ್ಪರ್ಧಿಸುತ್ತ ಕನ್ನಡ ಕಂಪನಿಗಳು ಹುಟ್ಟಿದವು. ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ನಾಟಕಕ್ಕೆ ಆಸರೆಯಾದವು ಮಠ, ಜಾತ್ರೆ ಹಾಗೂ ಊರ ಚಾವಡಿ. ತತ್ವಪದ, ಭಜನೆ, ಮೊಹರಂ ದಿನಗಳ ರಿವಾಯತ್ ಪದಗಳ ನಡುವೆಯೇ ಇಲ್ಲಿಯ ಆಟದ ಹಾಡೂ ಉಳಿದುಕೊಂಡಿತು. ಆಶ್ರಯ ನೀಡಿದ ಅರಮನೆ ಲೆಕ್ಕ ಬರೆದಿಡುತ್ತದೆ, ಜಾತ್ರೆ ಬರೆದಿಡುವುದಿಲ್ಲ. ಆದ್ದರಿಂದ ಇಲ್ಲಿಯ ಕಲಾವಿದರ ದಾಖಲೆ ಆರಂಭದಿಂದಲೂ ತೆಳುವಾಗಿದೆ.

ಉತ್ತರ ಕರ್ನಾಟಕದ ಹಳ್ಳಿಗಳು ದಶಕಗಳಿಂದ ಆಡುತ್ತ ಬಂದಿರುವ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ನಾಟಕವನ್ನೇ ನೋಡಬಹುದು. ಅದರ ದ್ರೌಪದಿಯಾಗಿ ಹಾಡಿ, ನಟಿಸಿ ಮನೆಮಾತಾದವರು ಬಳ್ಳಾರಿಯ ಸುಭದ್ರಮ್ಮ ಮನ್ಸೂರ್, 2020ರಲ್ಲಿ ನಿಧನರಾದರು. ಅವರ ಹೆಸರು ನಾಡಿಗೆ ಗೊತ್ತು. ಆದರೆ ಊರವರು ಆಡುವ ಅದೇ ನಾಟಕಕ್ಕೆ ವಾರಗಟ್ಟಲೆ ತಾಲೀಮು ಮಾಡಿಸುವ ಮಾಸ್ತರರ ಹೆಸರು ಆ ವರ್ಷದ ಕರಪತ್ರದಲ್ಲಿ ಮಾತ್ರ ಇರುತ್ತದೆ. ಜಾತ್ರೆ ಮುಗಿದ ಮರುದಿನ ಕರಪತ್ರ ಗೋಡೆಯಿಂದ ಉದುರುತ್ತದೆ.

ಸಂಸ್ಥೆಗಳ ಮಟ್ಟದಲ್ಲಿ ಬದಲಾವಣೆ ಆಗಿಲ್ಲವೆಂದಲ್ಲ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣ ಕಾಲಾಂತರದಲ್ಲಿ ಕಲಬುರಗಿಗೂ ಬಂತು. ಯಕ್ಷಗಾನ, ಬಯಲಾಟಗಳೆರಡಕ್ಕೂ ಒಂದೇ ಅಕಾಡೆಮಿ ಇದ್ದ ಕಾಲದಲ್ಲಿ ದೊಡ್ಡಾಟ, ಸಣ್ಣಾಟಗಳು ಕರಾವಳಿಯ ಪ್ರಬಲ ಪರಂಪರೆಯ ನೆರಳಿನಲ್ಲಿವೆ ಎಂಬ ಕೊರಗು ಉತ್ತರ ಕರ್ನಾಟಕದಲ್ಲಿತ್ತು. ಬಾಗಲಕೋಟೆಯನ್ನು ಕೇಂದ್ರವಾಗಿಸಿಕೊಂಡು ಪ್ರತ್ಯೇಕ ಕರ್ನಾಟಕ ಬಯಲಾಟ ಅಕಾಡೆಮಿ ರಚನೆಯಾದದ್ದು ಈ ಕೊರಗಿಗೆ ದೊರೆತ ಉತ್ತರ. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಶಿಕ್ಷಣ, ಉದ್ಯೋಗ ಹಾಗೂ ಅಭಿವೃದ್ಧಿಯಲ್ಲಿ ವಿಶೇಷ ಅವಕಾಶ ನೀಡುತ್ತದೆ. ಕಲೆಯ ಗೌರವಗಳು ಅದರ ವ್ಯಾಪ್ತಿಯಲ್ಲಿಲ್ಲ.

ತಪ್ಪಿನ ಅಧಿಕೃತ ಒಪ್ಪಿಗೆ

ಕಡೆಗಣನೆಯ ದೂರು ಬರಿಯ ಕಲಾವಿದರ ಅಸಮಾಧಾನವಲ್ಲ ಎಂಬುದಕ್ಕೆ ಸರ್ಕಾರದ ಕ್ರಮವೇ ಸಾಕ್ಷಿ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಅಂಗವಾಗಿ ಸಂಗೀತ ನಾಟಕ ಅಕಾಡೆಮಿ 2022ರಲ್ಲಿ ಒಂದು ಬಾರಿಯ 'ಅಮೃತ ಪ್ರಶಸ್ತಿ'ಗಳನ್ನು ಪ್ರಕಟಿಸಿ, 2023ರ ಸೆಪ್ಟೆಂಬರ್‌ನಲ್ಲಿ ಪ್ರದಾನ ಮಾಡಿತು. 75 ವರ್ಷ ದಾಟಿದ್ದು, ಅಲ್ಲಿಯವರೆಗೆ ಯಾವುದೇ ರಾಷ್ಟ್ರೀಯ ಗೌರವ ದೊರೆಯದ ಕಲಾವಿದರೇ ಇದಕ್ಕೆ ಅರ್ಹರಾಗಿದ್ದರು. ಬಿಟ್ಟುಹೋದವರಿಗಾಗಿಯೇ ಒಂದು ಪ್ರಶಸ್ತಿ ಬೇಕಾಯಿತೆಂದರೆ, ಬಿಟ್ಟುಹೋದವರಿದ್ದರು ಎಂಬುದನ್ನು ಒಪ್ಪಿಕೊಂಡಂತೆಯೇ.

ಆದರೆ ಆ ಅವಕಾಶ ಒಂದೇ ಬಾರಿಯದು. ಪದ್ಮ ಗೌರವಗಳನ್ನು ಅಪವಾದಗಳ ಹೊರತು ಮರಣೋತ್ತರವಾಗಿ ನೀಡುವುದಿಲ್ಲ. ಹೀಗಾಗಿ ಎಂಬತ್ತರ ಹೊಸ್ತಿಲಿನ ಭಾಗವತನಿಗೋ ಹಾರ್ಮೋನಿಯಂ ಮಾಸ್ತರನಿಗೋ ವಿಳಂಬವೆಂದರೆ ನಿರಾಕರಣೆ ಎಂದೇ ಅರ್ಥ. ಪ್ರಶಸ್ತಿ ಇಲ್ಲಿ ಶಾಲು, ಹಾರಗಳ ಮಾತಷ್ಟೇ ಅಲ್ಲ. ಹೆಸರು ದಾಖಲೆಗೆ ಸೇರಿದರೆ ಧ್ವನಿಮುದ್ರಣಕ್ಕೆ ಯಾರಾದರೂ ಬರುತ್ತಾರೆ, ಶಿಷ್ಯರು ಬರುತ್ತಾರೆ. ಸೇರದಿದ್ದರೆ ಕಲಾವಿದನ ಜೊತೆಗೆ ಅವನಿಗೆ ಮಾತ್ರ ನೆನಪಿದ್ದ ಧಾಟಿಗಳೂ ಹೋಗುತ್ತವೆ.

ನಾಮನಿರ್ದೇಶನ: ಗಮನಿಸಬೇಕಾದ ಅಂಶಗಳು

* ಪದ್ಮ ಪ್ರಶಸ್ತಿಗೆ ಯಾವ ನಾಗರಿಕರಾದರೂ ಅಂತರ್ಜಾಲದ ಮೂಲಕ ಹೆಸರು ಸೂಚಿಸಬಹುದು. ಶಿಫಾರಸು ಪತ್ರ ಹಿಡಿದು ಬೆಂಗಳೂರಿಗೆ ಅಲೆಯಬೇಕಾದ ಅಗತ್ಯವಿಲ್ಲ. ಪ್ರತಿವರ್ಷ ನಿಗದಿತ ಅವಧಿಯೊಳಗೆ ಸಲ್ಲಿಸಬೇಕು.

* ಕೇಂದ್ರ ಸಂಗೀತ ನಾಟಕ ಅಕಾಡೆಮಿಯು 40 ವರ್ಷದೊಳಗಿನ ಕಲಾವಿದರಿಗೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ನೀಡುತ್ತದೆ. ದೊಡ್ಡಾಟ, ಸಣ್ಣಾಟ ಕಲಿಯುತ್ತಿರುವ ಕಿರಿಯರ ಹೆಸರನ್ನೂ ಸೂಚಿಸಲು ಅಡ್ಡಿಯಿಲ್ಲ.

* ರಾಜ್ಯೋತ್ಸವ ಪ್ರಶಸ್ತಿಗಳ ಸಂಖ್ಯೆಯನ್ನು ಈಚಿನ ವರ್ಷಗಳಲ್ಲಿ ರಾಜ್ಯೋದಯದ ವರ್ಷಗಳಿಗೆ ಹೊಂದಿಸಲಾಗಿದೆ. 2023ರಲ್ಲಿ 68, 2024ರಲ್ಲಿ 69 ಮಂದಿಗೆ ನೀಡಲಾಯಿತು. ಸೀಮಿತ ಸಂಖ್ಯೆಯಲ್ಲಿ ಎಲ್ಲ ಕ್ಷೇತ್ರಗಳೂ ಪಾಲು ಕೇಳುವುದರಿಂದ ಸಿದ್ಧವಾದ, ಸ್ಪಷ್ಟ ಮಾಹಿತಿಯಿರುವ ಹೆಸರಿಗೆ ಬೆಲೆ ಹೆಚ್ಚು.

* ಕಲಾವಿದರು ಆಡಿದ ಆಟಗಳ ಕರಪತ್ರ, ವರ್ಷ, ಊರು, ಪಾತ್ರ, ಗುರುವಿನ ಹೆಸರು, ಶಿಷ್ಯರ ಪಟ್ಟಿ, ಕೈಬರಹದ ಹಾಡಿನ ಪುಸ್ತಕ, ಛಾಯಾಚಿತ್ರ, ಧ್ವನಿಮುದ್ರಿಕೆಗಳನ್ನು ಒಂದೆಡೆ ಇರಿಸುವುದು ಮೊದಲ ಕೆಲಸ. ಊರಿನ ಶಾಲಾ ಶಿಕ್ಷಕರು, ವಾಚನಾಲಯ, ಜಾತ್ರಾ ಸಮಿತಿಯವರು ಇದನ್ನು ಮಾಡಬಲ್ಲರು.

* ಹಿಮ್ಮೇಳದವರ ಹೆಸರನ್ನು ಕರಪತ್ರದ ಕೊನೆಯ ಸಾಲಿನಿಂದ ಮೇಲಕ್ಕೆ ತರುವುದಕ್ಕೆ ಯಾವ ಅಕಾಡೆಮಿಯ ಅನುಮತಿಯೂ ಬೇಕಿಲ್ಲ. ಮುಂದಿನ ಜಾತ್ರೆಯ ನಾಟಕದಿಂದಲೇ ಅದು ಆರಂಭವಾಗಬಹುದು.